ಆಕ್ಷೇಪಣೆಗಳಿದ್ದಲ್ಲಿ ಏಳು ದಿನದೊಳಗೆ

ಮಗಳ ಪಿಯುಸಿ ವಿಷಯಗಳ ಆಯ್ಕೆಯನ್ನು ಬಾಗಲಕೋಟೆ ಜಿಲ್ಲೆಯಲ್ಲಿ ಈವರೆಗೆ ಯಾವ ತಂದೆಯೂ ಮಾಡಿರದಷ್ಟು ಶಿಸ್ತಿನಿಂದ, ಪಾರದರ್ಶಕವಾಗಿ, ನಿಯಮಬದ್ಧವಾಗಿ ಮಾಡಿ ತೋರಿಸುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಒಂದು ಕ್ಷಣ ನಿಂತಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಸದ್ದು ನಿಂತಾಗಲೆಲ್ಲ ನನಗೆ ಒಳ್ಳೆಯದಾಗಿಲ್ಲ.

“ಏನ್ ಮಾಡಾವ್ರು ಈಗ?” ಎಂದಳು.

“ಕಡತ ತೆರೀತೇನಿ.”

“ಹುಡುಗಿ ಮ್ಯಾಲ?”

“ಹುಡುಗಿ ಮ್ಯಾಲಲ್ಲ. ಆಕಿ ವಿಷಯದ ಮ್ಯಾಲ.”

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಈ ಸಲ ಪರಾತದ ಮೇಲಿದ್ದದ್ದು ರೊಟ್ಟಿಯೋ ನಾನೋ ಎಂಬ ಅನುಮಾನ ಬರುವಷ್ಟು ಜೋರಾಗಿ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವವರಿಲ್ಲ. ನಾನು ಪ್ರಭುಲಿಂಗ, ನವನಗರದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಅಣೆಕಟ್ಟಿನ ಹಿನ್ನೀರಿಗೆ ಮನೆ, ಹೊಲ ಹೋದವರ ಕಡತ ನೋಡುವುದು ನನ್ನ ಕೆಲಸ. ನಮ್ಮಲ್ಲಿ ಯಾವುದೂ ದಿಢೀರನೆ ಆಗುವುದಿಲ್ಲ. ಮೊದಲು ಪ್ರಕಟಣೆ, ಆಮೇಲೆ ಆಕ್ಷೇಪಣೆ, ಆಮೇಲೆ ವಿಚಾರಣೆ, ಕೊನೆಗೆ ಆದೇಶ. ಹಳೆಯ ಊರಿನ ಓಣಿ ಓಣಿಗಳನ್ನೇ ಎತ್ತಿ ಸೆಕ್ಟರುಗಳಲ್ಲಿ ಕೂಡಿಸಿದ ಪದ್ಧತಿ ಅದು. ಒಬ್ಬ ಹುಡುಗಿಯನ್ನು ಒಂದು ಕಾಲೇಜಿನ ಬೆಂಚಿನ ಮೇಲೆ ಕೂಡಿಸುವುದು ಅದಕ್ಕೆ ಯಾವ ಮಹಾ ಕೆಲಸ?

ಹೀಗೆಂದು ಎದೆಯುಬ್ಬಿಸಿದೆನೇ ಹೊರತು ಉಬ್ಬಿದ ಎದೆಯೊಳಗೆ ತುಂಬಿದ್ದದ್ದು ಅಂಜಿಕೆ. ನಮ್ಮ ಮಹೇಶ್ವರಿಗೆ ಹತ್ತನೆಯ ಇಯತ್ತೆಯಲ್ಲಿ ನೂರಕ್ಕೆ ಎಂಬತ್ತೊಂಬತ್ತು ಬಂದಿತ್ತು. ಇದರಷ್ಟು ಅಪಾಯದ ಅಂಕ ಇನ್ನೊಂದಿಲ್ಲ. ತೊಂಬತ್ತೆಂಟು ಬಂದರೆ ಊರು ‘ಡಾಕ್ಟರ್’ ಎಂದು ಹೇಳಿ ಸುಮ್ಮನಾಗುತ್ತದೆ. ಐವತ್ತು ಬಂದರೆ ಏನೂ ಹೇಳದೆ ಸುಮ್ಮನಾಗುತ್ತದೆ. ಎಂಬತ್ತೊಂಬತ್ತಕ್ಕೆ ಎಲ್ಲರೂ ಬಾಯಿ ತೆರೆಯುತ್ತಾರೆ. ಪೇಪರಿನಲ್ಲಿ ವಿಷಯಗಳ ಗುಂಪುಗಳನ್ನು ಓದಿದೆ. ಪಿಸಿಎಂಬಿ, ಪಿಸಿಎಂಸಿ, ಎಸ್‌ಇಬಿಎ, ಎಚ್‌ಇಪಿಎಸ್. ಇವು ಓದುವ ವಿಷಯಗಳೋ, ದವಾಖಾನೆಯಲ್ಲಿ ರಕ್ತ ತೆಗೆದ ಮೇಲೆ ಬರುವ ರಿಪೋರ್ಟೋ ತಿಳಿಯದೆ ಬೆವರಿದೆ.

ಅಂಜಿಕೆಗೆ ಹಳೆಯ ಕಾರಣವೂ ಇತ್ತು. ಮೂವತ್ತು ವರ್ಷದ ಹಿಂದೆ ನನ್ನ ಅಪ್ಪ ಒಂದು ಮುಂಜಾನೆ ಹಲ್ಲುಜ್ಜುತ್ತಲೇ ನನ್ನತ್ತ ಬೆರಳು ತೋರಿಸಿ “ಸೈನ್ಸ್” ಎಂದರು. ಬಾಯಿ ತೊಳೆದ ಮೇಲೆ ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಫಿಸಿಕ್ಸಿನಲ್ಲಿ ಎರಡು ಸಲ ಮುಳುಗಿದೆ. ಮೂರನೆಯ ಸಲ ತೇಲಿ ಬಂದಾಗ ಕೈಗೆ ಸಿಕ್ಕ ಕಟ್ಟಿಗೆಯೇ ಈ ನೌಕರಿ. ಮಗಳು ಹಾಗೆ ಒಬ್ಬರ ಬೆರಳಿನ ತುದಿಗೆ ಮುಳುಗಬಾರದು. ಮುಳುಗುವುದಾದರೆ ಎಲ್ಲರ ಲಿಖಿತ ಅಭಿಪ್ರಾಯ ಪಡೆದು ಮುಳುಗಲಿ.

ಮಂಗಳವಾರ ಮುಂಜಾನೆ ಅರವತ್ತಮೂರು ಜನರಿರುವ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ:

‘ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಕು. ಮಹೇಶ್ವರಿ ಇವಳನ್ನು ವಿಜ್ಞಾನ ವಿಭಾಗದ ಪಿಸಿಎಂಬಿ ಗುಂಪಿಗೆ ಸೇರಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ ಏಳು ದಿನದೊಳಗೆ ಸಲ್ಲಿಸತಕ್ಕದ್ದು. ತಡವಾಗಿ ಬಂದವುಗಳನ್ನು ಪರಿಗಣಿಸಲಾಗುವುದಿಲ್ಲ. ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ: ಸುನಂದಾ.’

ಕೆಳಗೆ ಅವಳ ಮೊಬೈಲ್ ನಂಬರು ಕೊಟ್ಟೆ. ಕಚೇರಿ ವೇಳೆಯಲ್ಲಿ ನಾನು ಮನೆಯ ಕರೆ ತೆಗೆದುಕೊಳ್ಳುವುದು ಶಿಸ್ತಲ್ಲ.

ನಾಲ್ಕೈದು ಆಕ್ಷೇಪಣೆ ಬಂದಾವು ಎಂದುಕೊಂಡಿದ್ದೆ. ದೀಪ ಹಚ್ಚುವ ಹೊತ್ತಿಗೆ ಹದಿನಾರು ಬಂದವು. ಸುನಂದಾಳ ಫೋನು ಎಷ್ಟು ಕಾದಿತ್ತೆಂದರೆ ಹಂಚು ಇಳಿಸಿ ಅದರ ಮೇಲೆಯೇ ರೊಟ್ಟಿ ಬೇಯಿಸಬಹುದಿತ್ತು.

ಮೊದಲ ಆಕ್ಷೇಪಣೆ ಬಸ್ಸಿನಲ್ಲೇ ಬಂತು. ಚೊಳಚಗುಡ್ಡದಲ್ಲಿರುವ ನನ್ನ ಅಕ್ಕ ಗುರುಲಿಂಗವ್ವ ಒಂದು ಚೀಲ ಬದನೆಕಾಯಿಯೊಂದಿಗೆ ಬಂದಿಳಿದು, ನೀರು ಕುಡಿಯುವ ಮೊದಲೇ “ಬರಕೋ ತಮ್ಮಾ” ಎಂದು ಕೂತಳು.

“ಕೊಳ್ಳಾಗ ಲಿಂಗ ಕಟಗೊಂಡ ಹುಡುಗಿ ಕೈಯಾಗ ಕಪ್ಪಿ ಕೊಡ್ತೀರೇನ ನೀವು?”

“ಈಗ ಕಪ್ಪಿ ಕೊಯ್ಯಂಗಿಲ್ಲ ಅಕ್ಕಾ.”

“ಮತ್ತೇನ ಕೊಯ್ತಾರ?”

“ಏನೂ ಕೊಯ್ಯಂಗಿಲ್ಲ. ಬರೇ ಚಿತ್ರ ತಗೀತಾರ.”

“ಕಪ್ಪಿ ಚಿತ್ರಾ?”

“ಹೂಂ.”

“ಯಾತಕ್ಕ?”

‘ಆಕ್ಷೇಪಣೆ ಸಂಖ್ಯೆ ಒಂದು: ಕಪ್ಪೆ’ ಎಂದು ನಮೂದಿಸಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಅಕ್ಕನಿಗೆ ಸಹಿ ಬರುತ್ತದೆ. ಆದರೆ ಹೆಬ್ಬೆಟ್ಟಿಗೆ ಗೌರವ ಹೆಚ್ಚು ಎಂದು ಅವಳೇ ಹಟ ಹಿಡಿದಳು.

ಎರಡನೆಯದು ಇಳಕಲ್ಲಿನಿಂದ, ಸುನಂದಾಳ ತಮ್ಮ ವಿಜಯಮಹಾಂತೇಶನಿಂದ. ಅಲ್ಲಿ ಅವನಿಗೆ ಗ್ರಾನೈಟ್ ಪಾಲಿಶ್ ಮಾಡುವ ಕೆಲಸ. ಯಂತ್ರದ ಸದ್ದಿನ ನಡುವೆ ಹನ್ನೊಂದು ನಿಮಿಷದ ಧ್ವನಿಸಂದೇಶ ಕಳಿಸಿದ್ದ. ಹತ್ತು ನಿಮಿಷ ಬರೀ ಯಂತ್ರ, ಉಳಿದದ್ದು ಇಷ್ಟು: “ಮಾಮಾರ, ಕಾಮರ್ಸ್ ಕೊಡಸ್ರಿ. ಮೂರು ತಲಿಮಾರು ನಾವು ಕಲ್ಲಿನ ಧೂಳಾ ತಿಂದೇವಿ. ನನ್ನ ಸೊಸಿ ಎಸಿ ರೂಮಿನ್ಯಾಗ ಕೂಡ್ಲಿ.” ಹುನಗುಂದದಲ್ಲಿ ಪಂಚಾಂಗ ಹೇಳುವ ರಾಚಯ್ಯನವರು ಹುಡುಗಿಯ ರಾಶಿ ನೋಡಿ ‘ನೀರಿಗೆ ಸಂಬಂಧಿಸಿದ್ದು ಬೇಡ’ ಎಂದು ಬರೆದರು. ನವನಗರದಲ್ಲಿ ಕೂತವನಿಗೆ ನೀರಿನ ವಿಷಯ ಯಾರೂ ಹೊಸದಾಗಿ ಹೇಳಬೇಕಾಗಿರಲಿಲ್ಲ, ಆದರೂ ನಮೂದಿಸಿದೆ.

ಒಂದೊಂದನ್ನು ನಮೂದಿಸುವಾಗಲೂ ನನ್ನ ಹೆದರಿಕೆ ಒಂದೊಂದು ಅಂಗುಲ ಏರುತ್ತಿತ್ತು. ಎಲ್ಲರೂ ತಪ್ಪು ಹೇಳುತ್ತಿದ್ದರೆ ಧೈರ್ಯವಾಗಿರಬಹುದಿತ್ತು. ಎಲ್ಲರೂ ಸರಿಯಾಗಿಯೇ ಹೇಳುತ್ತಿರುವಂತೆ ಕಾಣುತ್ತಿತ್ತು, ಮತ್ತು ಒಬ್ಬರ ಮಾತಿಗೆ ಇನ್ನೊಬ್ಬರದು ಹೊಂದುತ್ತಿರಲಿಲ್ಲ.

ಮಹೇಶ್ವರಿ ಮಾತ್ರ ಏನೂ ಅನ್ನಲಿಲ್ಲ. ತನ್ನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಅವಳು ಸಣ್ಣಂದಿನಿಂದ ಕೂಡಿಸಿಟ್ಟ ಕಲ್ಲುಗಳಿವೆ. ಬಾದಾಮಿಯದು, ಪಟ್ಟದಕಲ್ಲಿನ ಹೊಳೆದಂಡೆಯದು, ಮಾಮನ ಕಾರ್ಖಾನೆಯದು. ಒಂದೊಂದರ ಕೆಳಗೂ ಊರು, ತಾರೀಖು ಬರೆದ ಚೀಟಿ. ಹುಡುಗಿ ಅವುಗಳ ಧೂಳು ಒರೆಸುತ್ತ ಸುಮ್ಮನಿದ್ದಳು. ಮೌನವೇ ಸಮ್ಮತಿ ಎಂದು ನಾನು ಟಿಪ್ಪಣಿ ಬರೆದುಕೊಂಡೆ.

ಬುಧವಾರ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

“ಅಪ್ಪಾ, ಆಕ್ಷೇಪಣಿ ಯಾರ ಬೇಕಾದ್ರೂ ಕೊಡಬಹುದಾ?”

“ಸಾರ್ವಜನಿಕರು ಯಾರಾದ್ರೂ ಕೊಡಬಹುದು.”

“ನಾ ಸಾರ್ವಜನಿಕರಾಗ ಬರ್ತೇನಾ?”

ಇಂಥ ತಾಂತ್ರಿಕ ಪ್ರಶ್ನೆ ಕೇಳಿದ ಮಗಳ ಬಗ್ಗೆ ಹೆಮ್ಮೆಯಾಯಿತು. “ಬರ್ತೀಯವಾ” ಎಂದೆ.

ಅವಳು ಅಂಟಿಸಿದ ಲಕೋಟೆಯೊಂದನ್ನು ಇಟ್ಟು, ಅದರ ಮೇಲೆ ಕೆಂಪನೆಯ ಒಂದು ಕಲ್ಲನ್ನೂ ಇಟ್ಟಳು. “ಈಗ ಓದ ಅಪ್ಪಾ” ಎಂದಳು.

“ಅವಧಿ ಮುಗಿಯೂತನಕ ಲಕೋಟಿ ಒಡ್ಯಾಕ ಬರಂಗಿಲ್ಲ. ಮಗಳಾದ್ರೇನು, ಎಲ್ಲಾರಿಗೂ ಒಂದ ನ್ಯಾಯ.”

“ಖರೇನ ಓದಂಗಿಲ್ಲಾ?”

“ಸೋಮವಾರ ಓದ್ತೇನಿ.”

ಅವಳು ಒಂದು ಹಾಳೆ, ಪೆನ್ನು ನನ್ನ ಮುಂದೆ ಸರಿಸಿದಳು. ಆಮೇಲೆ “ಹಂಗಾರ ಮುಟ್ಟಿದ್ದಕ್ಕ ರಸೀದಿ ಕೊಡು” ಎಂದಳು. ಕೊಟ್ಟೆ. ಲಕೋಟೆಗೆ ಹದಿನೇಳನೆಯ ಸಂಖ್ಯೆ ಹಾಕಿ, ಫ್ಯಾನಿನ ಗಾಳಿಗೆ ಕಾಗದಗಳು ಹಾರದಿರಲೆಂದು ಆ ಕಲ್ಲನ್ನೇ ಮೇಲೆ ಹೇರಿದೆ. ಕಲ್ಲು ಚೆನ್ನಾಗಿತ್ತು. ಒಳ್ಳೆಯ ತೂಕ.

ಗುರುವಾರ ಸಂಜೆ ನಾನು ಹದಿನೆಂಟನೆಯ ಆಕ್ಷೇಪಣೆದಾರರೊಂದಿಗೆ ಫೋನಿನಲ್ಲಿ ನನ್ನ ನಿಷ್ಪಕ್ಷಪಾತದ ಕುರಿತು ಮಾತನಾಡುತ್ತಿದ್ದಾಗ, ಮಗಳು ಸಹಿಗೆಂದು ಒಂದು ಕಟ್ಟು ಕಾಗದ ತಂದಳು. ಅಂಕಪಟ್ಟಿಯ ನಕಲು, ಬಸ್ ಪಾಸಿನ ಅರ್ಜಿ, ಗ್ಯಾಸಿನವರದ್ದೊಂದು, ಇನ್ನೂ ಏನೇನೋ. ಸಣ್ಣವಳಿದ್ದಾಗ ಕಚೇರಿಗೆ ಬಂದು ನೋಡಿದ್ದಳಲ್ಲ, ಎಲ್ಲಿ ಸಹಿ ಬೇಕೋ ಅಲ್ಲಿ ನಮ್ಮ ಗುಮಾಸ್ತರಂತೆಯೇ ಪೆನ್ಸಿಲಿನಿಂದ ಚಂದವಾಗಿ ಗುರುತು ಹಾಕಿದ್ದಳು. ಪೆನ್ಸಿಲ್ ಗುರುತು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಮಾತು ಮಾತಿನಂತೆ, ಸಹಿ ಸಹಿಯಂತೆ ನಡೆಯಿತು.

ಸೋಮವಾರ ಅವಧಿಯ ಕೊನೆಯ ದಿನ. ಮಧ್ಯಾಹ್ನ ಬಿಡುವಿನಲ್ಲಿ ಅಂತಿಮ ಟಿಪ್ಪಣಿ ಬರೆಯಲೆಂದು ಕಡತವನ್ನು ಕಚೇರಿಗೇ ಒಯ್ದಿದ್ದೆ. ಎದುರು ಮೇಜಿನ ಮುನಾಫ, ನನ್ನ ಕೈಕೆಳಗೆ ಹದಿನೈದು ವರ್ಷ ಪಳಗಿದವ, ಡಬ್ಬಿಯ ಊಟ ಮುಗಿಸಿ ಕೈ ಒರೆಸಿಕೊಂಡು ಹಾಳೆ ತಿರುವಿದ.

“ಅಣ್ಣಾರ, ಕಡತ ಭಾಳ ಚಂದ ಕಟ್ಟೀರಿ,” ಎಂದ. “ಆದ್ರ ಮೊದಲನೇ ಹಾಳಿ ಎಲ್ಲೈತ್ರಿ?”

“ಯಾವ ಹಾಳಿ?”

“ಸಂತ್ರಸ್ತರ ಹೇಳಿಕಿ. ಯಾರ ಮನಿ ಮುಳಗತೈತಿ ಅವರನ್ನ ಕೇಳಲಾರದ ಕಡತ ಮುಂದ ಹೋಗಂಗಿಲ್ಲ ಅಂತ ನೀವ ಕಲಿಸಿದ್ದಲ್ರಿ ನನಗ?”

ನಾನೇ ಕಲಿಸಿದ್ದು. ಹದಿನೈದು ವರ್ಷದಿಂದ ಆ ಒಂದು ಹಾಳೆ ಇಲ್ಲದ ಕಡತಗಳನ್ನು ಕೆಂಪು ಶಾಯಿಯಲ್ಲಿ ಬರೆದು ಹಿಂದಕ್ಕೆ ಕಳಿಸಿದವನು ನಾನು. ಹದಿನೇಳನೆಯ ಲಕೋಟೆ ಹುಡುಕಿ ಒಡೆದೆ.

‘ಇವರಿಂದ: ಕು. ಮಹೇಶ್ವರಿ, ಸಂತ್ರಸ್ತೆ.
ಇವರಿಗೆ: ಮಾನ್ಯ ತಂದೆಯವರು.
ಮಾನ್ಯರೇ, ನನಗೆ ಭೂಗರ್ಭಶಾಸ್ತ್ರ ಓದುವುದಿದೆ. ಅಂದರೆ ಕಲ್ಲು, ಮಣ್ಣು ಹೇಗೆ ಹುಟ್ಟಿದವು ಎಂಬ ವಿಷಯ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಜೊತೆ ಅದನ್ನು ಕಲಿಸುವ ಕಾಲೇಜು ಇಳಕಲ್ಲಿನಲ್ಲಿ ಮಾಮನ ಮನೆಯ ಹತ್ತಿರವೇ ಇದೆ. ಉಳಿದಿರುವುದು ನಾಲ್ಕು ಸೀಟು. ಕೊನೆಯ ದಿನ ಬರುವ ಸೋಮವಾರ, ಸಂಜೆ ನಾಲ್ಕು ಗಂಟೆ. ನಿಮ್ಮ ಏಳು ದಿನ ಮುಗಿಯುವುದೂ ಅವತ್ತೇ. ಆದ್ದರಿಂದ ಇದನ್ನು ಈಗಲೇ ಓದಬೇಕಾಗಿ ವಿನಂತಿ. ಎಲ್ಲರೂ ಹೇಳುವುದನ್ನು ಕೇಳಿ ಕೇಳಿ ನನಗೆ ಹೆದರಿಕೆಯಾಗುತ್ತಿದೆ. ಕಲ್ಲು ಕೈಯಲ್ಲಿ ಹಿಡಿದಾಗ ಮಾತ್ರ ಆಗುವುದಿಲ್ಲ.
ಅಡಕ: ಕಲ್ಲು ಒಂದು.’

ಆ ಅಡಕವನ್ನೇ ಇಷ್ಟು ದಿನವೂ ಲಕೋಟೆಯ ತಲೆಯ ಮೇಲೆ ಹೇರಿ ಕೂತಿದ್ದೆ ನಾನು.

ಗೋಡೆಯ ಗಡಿಯಾರ ಒಂದೂ ಐವತ್ತು ತೋರಿಸುತ್ತಿತ್ತು. ಸುನಂದಾಳಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಮಗಳಿಗೆ ಮಾಡಿದೆ. ತೆಗೆಯಲಿಲ್ಲ. ಮುನಾಫನ ಬೈಕಿನ ಹಿಂದೆ ಕೂತು ಮನೆಗೆ ಓಡಿದರೆ ಬಾಗಿಲಿಗೆ ಕೀಲಿ. ಪಕ್ಕದ ಮನೆಯ ಜಯಶ್ರೀ ಬಟ್ಟೆ ಒಣಹಾಕುತ್ತಿದ್ದರು.

“ತಾಯಿ ಮಗಳು ಮುಂಜಾನೆ ನೀವ್ ಆಫೀಸಿಗೆ ಹೋದಕೂಡ್ಲೆ ಹೋದ್ರಲ್ರಿ. ಕೈಯಾಗ ದೊಡ್ಡ ಚೀಲ ಇತ್ತು.”

“ಎಲ್ಲಿಗಂತ?”

“ಹೇಳಲಿಲ್ರಿ. ಹುಡುಗಿ ಕಣ್ಣು ಮಾತ್ರ ಕೆಂಪಗಾಗಿದ್ವು ನೋಡ್ರಿ.”

ನಾನು ಮನೆಯ ಹಿಂದೆ ಹೋಗಿ ಅವಳ ಕೋಣೆಯ ಕಿಟಕಿಯೊಳಗೆ ಇಣುಕಿದೆ. ಕಟ್ಟೆ ಖಾಲಿ. ಕಲ್ಲುಗಳೂ ಇಲ್ಲ, ಚೀಟಿಗಳೂ ಇಲ್ಲ. ಅವು ಇದ್ದ ಜಾಗದಲ್ಲಿ ಧೂಳಿಲ್ಲದ ದುಂಡನೆಯ ಗುರುತುಗಳು ಉಳಿದಿದ್ದವು.

ಓದುಗರೇ, ನೀರು ಬಂದು ಬಿಟ್ಟುಹೋದ ಮನೆಗಳನ್ನು ನಾನು ನೂರಾರು ಕಂಡಿದ್ದೇನೆ. ಯಾವುದರ ಕಿಟಕಿಯ ಸರಳನ್ನೂ ಹೀಗೆ ಹಿಡಿದು ನಿಂತಿರಲಿಲ್ಲ. ಹುಡುಗಿ ಅಳುತ್ತ ಮನೆ ಬಿಟ್ಟು ಹೋದಳು, ಕಲ್ಲುಗಳನ್ನೂ ಬಿಡದೆ ಕಟ್ಟಿಕೊಂಡು ಹೋದಳು, ಅವಳ ಹಿಂದೆ ಅವಳ ತಾಯಿಯೂ ಹೋದಳು. ಉಳಿದದ್ದು ನಾನು, ಮತ್ತು ನನ್ನ ಕಡತ.

“ಇಳಕಲ್ಲಿಗೆ ಹೊಡಿ” ಎಂದೆ ಮುನಾಫನಿಗೆ. ಹೋದರೆ ಮಾಮನ ಮನೆಗೇ ಹೋಗಿರಬೇಕು. ಕಾಲೇಜೂ ಅಲ್ಲೇ. ತಂದೆಯ ಸಹಿ ಇಲ್ಲದೆ ಸೀಟು ಕೊಡುವುದಿಲ್ಲ. ನಾಲ್ಕರೊಳಗೆ ಮುಟ್ಟಿದರೆ ಸಹಿಯನ್ನಾದರೂ ಹಾಕಿಯೇನು.

ಮುನಾಫ ಬೈಕನ್ನೂ ಕಡತದಂತೆಯೇ ನಡೆಸುತ್ತಾನೆ. ನಲವತ್ತರ ಮೇಲೆ ಮುಳ್ಳು ಏರಗೊಡುವುದಿಲ್ಲ. ಅಮೀನಗಡದಲ್ಲಿ ಎರಡೂ ಕಡೆ ಕರದಂಟಿನ ಅಂಗಡಿಗಳು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅತ್ತ ತಿರುಗಿಯೂ ನೋಡದೆ ದಾಟಿದೆ. ಬನಶಂಕರಿಗೆ ಐದು ಕಾಯಿ ಹರಸಿಕೊಂಡೆ. ಹುನಗುಂದ ಬರುವಷ್ಟರಲ್ಲಿ ಅವು ಇಪ್ಪತ್ತೊಂದಾಗಿದ್ದವು. ಮೂರು ಗಂಟೆ ಹತ್ತು ನಿಮಿಷ. ಎದುರಿಗೆ ಮೇವಿನ ಟ್ರ್ಯಾಕ್ಟರು ರಸ್ತೆ ತುಂಬ ಹರಡಿಕೊಂಡು ತೂಗಾಡುತ್ತ ಹೊರಟಿತ್ತು.

“ದಾಟ್ಸೋ ಮುನಾಫಾ!”

“ಮುಂದ ತಿರುವೈತ್ರಿ, ನಿಯಮ ಬರಂಗಿಲ್ಲ,” ಎಂದ. ಇದನ್ನೂ ನಾನೇ ಕಲಿಸಿದ್ದು. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ, “ಅಣ್ಣಾರ, ಹೊಟ್ಟಿ ಅಷ್ಟ ಬಿಗಿಯಾಗಿ ಹಿಡೀಬ್ಯಾಡ್ರಿ. ಉಂಡದ್ದು ಮ್ಯಾಲ ಬರಾಕತ್ತೈತಿ” ಎಂದ.

ಕಾಲೇಜು ಮುಟ್ಟಿದಾಗ ನಾಲ್ಕಕ್ಕೆ ಎಂಟು ನಿಮಿಷವಿತ್ತು. ಅಂಗಳದ ಬೇವಿನ ಗಿಡದ ಕೆಳಗೆ ಯಾರೋ ಕೂತಿದ್ದರು. ಯಾರೆಂದು ನೋಡುವ ವ್ಯವಧಾನ ನನಗೆಲ್ಲಿ? ಹೆಲ್ಮೆಟ್ಟೂ ತೆಗೆಯದೆ ಪ್ರವೇಶದ ಕಿಟಕಿಗೆ ಓಡಿ, ಒಳಗೆ ಅರ್ಧ ಮೈ ತೂರಿಸಿದೆ.

“ಆಕ್ಷೇಪಣಿ ಇಲ್ರೀ! ನಂದು ಏನೂ ಆಕ್ಷೇಪಣಿ ಇಲ್ಲ!”

ಒಳಗಿದ್ದ ಮೇಡಂ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಇಂಥವರು ದಿನಕ್ಕೊಬ್ಬರು ಬರುತ್ತಾರೇನೋ ಎಂಬಷ್ಟು ಸಮಾಧಾನದಿಂದ ಕೇಳಿದರು.

“ಯಾರ ಕಡಿಯವ್ರು ನೀವು?”

“ಮಹೇಶ್ವರಿ. ಮಹೇಶ್ವರಿ ಪ್ರಭುಲಿಂಗ. ನಾ ಅವ್ರಪ್ಪ. ಎಲ್ಲಿ ಸಹಿ ಬೇಕು ಹೇಳ್ರಿ, ಮಾಡ್ತೇನಿ.”

“ನಿಮ್ಮ ಆಕ್ಷೇಪಣಿ ಇಲ್ಲಂತ ಗೊತ್ತೈತ್ರಿ,” ಎಂದರು ಮೇಡಂ. “ಗುರುವಾರನ ಬರದು ಕೊಟ್ಟೀರಲ್ಲ.”

ಅರ್ಜಿ ತೆಗೆದು ನನ್ನ ಕಡೆ ತಿರುಗಿಸಿದರು. ಪೋಷಕರ ಸಹಿ ಎಂಬಲ್ಲಿ ಮಾಸಿದ ಪೆನ್ಸಿಲ್ ಗುರುತು. ಅದರ ಮೇಲೆ ಬಾಲವನ್ನು ಎರಡು ಸುತ್ತು ತಿರುಗಿಸಿದ ನನ್ನದೇ ಘನವಾದ ಸಹಿ. ಸಹಿಯ ಕೆಳಗೆ, ಯಾರೂ ಕೇಳದಿದ್ದರೂ ನನ್ನ ಕೈ ಹಳೆಯ ರೂಢಿಯಂತೆ ತಾನಾಗಿ ಬರೆದ ಎರಡು ಸಾಲು:

‘ಕೂಲಂಕಷವಾಗಿ ಪರಿಶೀಲಿಸಿದೆ.
ಆಕ್ಷೇಪಣೆ ಇಲ್ಲ.’

“ಸೀಟು ಶುಕ್ರವಾರ ಆಗೇತ್ರಿ,” ಎಂದರು ಮೇಡಂ. “ಇವತ್ತು ಬರೇ ಮೂಲ ಅಂಕಪಟ್ಟಿ ಕೊಡೂದಿತ್ತು. ಅದೂ ಆಗೇತಿ. ಈಗ ಹಿಂದ ಸರೀರಿ, ಬೆಳಕ ಬರವಲ್ದು.”

ಹಿಂದೆ ಸರಿದು ತಿರುಗಿದೆ. ಬೇವಿನ ಗಿಡದ ಕೆಳಗೆ ಸುನಂದಾ, ವಿಜಯಮಹಾಂತೇಶ, ಮಹೇಶ್ವರಿ ಪೇಪರಿನ ಮೇಲೆ ಚುರುಮುರಿಯ ಗಿರ್ಮಿಟ್ ಹರಡಿಕೊಂಡು ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕಲ್ಲಿನ ಚೀಲ. ಕಾಲೇಜಿನ ಸರ್ ನೋಡಬೇಕೆಂದಿದ್ದರಂತೆ, ತಂದಿದ್ದಳು. ಕಣ್ಣು ಕೆಂಪಾದದ್ದು ಮುಂಜಾನೆ ಬುತ್ತಿಗೆಂದು ಉಳ್ಳಾಗಡ್ಡಿ ಹೆಚ್ಚಿದ್ದಕ್ಕಂತೆ. ಸುನಂದಾಳ ಫೋನು ನಾಲ್ಕು ದಿನದಿಂದ ಬಂದ್ ಆಗಿಯೇ ಇತ್ತು. ಅದಕ್ಕೆ ಕಾರಣ ಯಾರೆಂದು ನಾನು ಕೇಳಲಿಲ್ಲ.

“ಮನ್ಯಾಗ ಒಂದ ಮಾತು ಹೇಳಬಾರದೇನ?” ಎಂದೆ.

“ಹೇಳಿದ್ರ ಅದಕ್ಕೂ ಒಂದು ಪ್ರಕಟಣಿ ಹೊರಡಸ್ತಿದ್ರಿ,” ಎಂದಳು ಸುನಂದಾ. “ನಿಮ್ಮ ಅಕ್ಕಾರಿಗೆ ನಾನ ಕೇಳೇನಿ. ‘ಕಲ್ಲು ಕೊಯ್ದ್ರ ರಕ್ತ ಬರಂಗಿಲ್ಲ, ಓದ್ಲಿ’ ಅಂದ್ರು.”

“ಮತ್ತ ನಿನ್ನ ಕಾಮರ್ಸು?” ಎಂದು ವಿಜಯಮಹಾಂತೇಶನತ್ತ ತಿರುಗಿದೆ.

“ಮೂರು ತಲಿಮಾರು ಕಲ್ಲು ಕೊಯ್ದೇವ್ರಿ ಮಾಮಾರ,” ಎಂದ ಅವನು ತಲೆ ಕೆರೆಯುತ್ತ. “ಅದರ ವಯಸ್ಸೆಷ್ಟು ಅಂತ ಒಬ್ಬಾರೂ ಕೇಳಿರಲಿಲ್ಲ. ಈಕಿ ಕೇಳಿದ್ಲು.”

ಮಹೇಶ್ವರಿ ಎದ್ದು ಬಂದಳು. “ಸಿಟ್ಟಿಗೆದ್ದಿಯೇನ ಅಪ್ಪಾ?”

“ಇಲ್ಲವಾ. ಅಂಜಿದ್ದೆ.”

“ನಾನೂ,” ಎಂದಳು. ಆಮೇಲೆ ಕೈ ಮುಂದೆ ಮಾಡಿ, “ಕಡತ ಮುಗೀತಲ್ಲ, ಅಡಕ ವಾಪಸ್ ಕೊಡು.”

ಕಲ್ಲು ಮನೆಯ ಮೇಜಿನ ಮೇಲಿತ್ತು. ನಾಳೆಯೇ ತಂದು ಮುಟ್ಟಿಸುವುದಾಗಿ ಅಲ್ಲೇ, ಮುನಾಫನ ಸಾಕ್ಷಿ ಹಾಕಿಸಿ, ಬರೆದುಕೊಟ್ಟೆ. ಸಹಿ ಮಾಡುವ ಮೊದಲು ಎರಡು ಸಲ ಓದಿದೆ.

ಸುನಂದಾ ಉಳಿದ ಗಿರ್ಮಿಟ್ಟನ್ನು ಒಂದು ತುಂಡು ಪೇಪರಿಗೆ ಸರಿಸಿ ನನ್ನ ಮುಂದೆ ಹಿಡಿದಳು.

“ತಿನ್ರಿ. ಆಕ್ಷೇಪಣಿ ಇದ್ರ ಏಳು ದಿನದೊಳಗ ಹೇಳ್ರಿ.”

ಆಕ್ಷೇಪಣೆ ಒಂದಿತ್ತು. ಜೊತೆಗಿದ್ದ ಮಿರ್ಚಿ ಭಜಿಗಳನ್ನೆಲ್ಲ ಅವರೇ ಮುಗಿಸಿದ್ದರು. ಆದರೆ ಬಾಯಿ ಬಿಡುವ ಧೈರ್ಯವಾಗದೆ ತಿಂದೆ.